ಹೊಲದಿಂದ ಬರುತ್ತಿದ್ದವನ ಶಿಲುಬೆ

ನನ್ನ ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಆದರೂ ಲಿಂಗಂಪಲ್ಲಿಯ ಸುತ್ತಮುತ್ತ ನೆಲೆಸಿದ್ದ ಕನ್ನಡದ ಕ್ರೈಸ್ತ ಕುಟುಂಬಗಳು ಹೆಣ್ಣು ಕೊಡುವ ಮುಂಚೆ, ಆಪರೇಷನ್ನಿಗೆ ಒಪ್ಪುವ ಮುಂಚೆ, ಬೇರೆ ಊರಿಗೆ ವರ್ಗ ಕೇಳುವ ಮುಂಚೆ ಅವಳನ್ನು ಕೇಳುತ್ತಿದ್ದವು. ನಮ್ಮ ಬೈಬಲ್ಲು, ಸತ್ಯವೇದ, ಇದಕ್ಕೆ ಏನು ಹೇಳುತ್ತದೆ ಅಂತ. ಅವಳು ಹೇಳುತ್ತಿದ್ದಳು. ಅವಳಿಗಾಗಿ ಓದುತ್ತಿದ್ದವಳು ನಾನು.

ನಮ್ಮದು ಬೀದರ್ ಕಡೆಯ ಹಳ್ಳಿ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ಸೇರಿ ಹೈದರಾಬಾದಿಗೆ ಬಂದ. ಎರಡು ವರ್ಷದ ಮೇಲೆ ಅವ್ವನ ಅಕ್ಕ, ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವಳು, ನಮ್ಮ ಹಿಂದೆ ಬಂದಳು. ಒಂದು ಶಾಲೆಯಲ್ಲಿ ಆಯಾ ಕೆಲಸ ಹಿಡಿದು ರೈಲ್ವೆ ಹಳಿಯ ಆಚೆ ಎರಡು ಕೋಣೆಯ ಮನೆ ಮಾಡಿದಳು. ಭಾನುವಾರದ ಆರಾಧನೆಗೆ ನಾವೆಲ್ಲ ತೆಲುಗು ಸಭೆಗೆ ಹೋಗುತ್ತಿದ್ದೆವು. ಹಾಡು ತೆಲುಗು, ಪ್ರಸಂಗ ತೆಲುಗು. ಅಲ್ಲಿ ಎಲ್ಲರೂ ತಲೆ ಆಡಿಸಿ ಬರುತ್ತಿದ್ದರು. ಮನಸ್ಸಿನ ಮಾತು ಆಡುವುದಕ್ಕೆ ಮಾತ್ರ ಶುಕ್ರವಾರ ಮಧ್ಯಾಹ್ನ ದೊಡ್ಡವ್ವನ ಮನೆಯ ಕನ್ನಡ ಉಪವಾಸ ಕೂಟವೇ ಆಗಬೇಕಿತ್ತು. ಹತ್ತು ಹದಿನೈದು ಹೆಂಗಸರು, ಪಾಳಿ ಇಲ್ಲದ ದಿನ ಮೂರು ನಾಲ್ಕು ಗಂಡಸರು, ಚಾಪೆಯ ಮೇಲೆ.

ನಾಲ್ಕನೆಯ ಇಯತ್ತೆಯಿಂದ ಆ ಕೂಟದಲ್ಲಿ ಓದುವುದು ನನ್ನ ಕೆಲಸ. ದೊಡ್ಡವ್ವ ಕಣ್ಣು ಮುಚ್ಚಿ, "ಓದು," ಅನ್ನುವಳು. ನಾನು ಓದುತ್ತ ಹೋಗುವೆ. ಎಲ್ಲೋ ಒಂದು ಕಡೆ, ಕೆಲವು ಸಲ ವಾಕ್ಯದ ನಡುವೆಯೇ, "ಸಾಕು," ಅನ್ನುವಳು. ಅಲ್ಲಿಗೆ ನಿಲ್ಲಬೇಕು. ಆತ್ಮ ಅವಳಿಗೆ ಅಲ್ಲಿ ಏನನ್ನೋ ತೋರಿಸಿದೆ ಎಂದು ಅರ್ಥ.

ಅವಳದು ಬೂಟಾಟಿಕೆ ಎಂದು ನಾನು ಎಂದೂ ಹೇಳಲಾರೆ. ಒಂದು ಶುಕ್ರವಾರ, ಹುಟ್ಟಿದ ಹತ್ತನೇ ದಿನಕ್ಕೆ ಮಗು ಕಳೆದುಕೊಂಡ ತಾಯಿಯೊಬ್ಬಳು ಕೂತಿದ್ದಳು. ದೊಡ್ಡವ್ವ ನನ್ನಿಂದ ಹಳೆಯ ಒಡಂಬಡಿಕೆಯ ಹೆಸರುಗಳ ಪಟ್ಟಿ ಓದಿಸಿದಳು. ಇಂಥವನು ಇಂಥವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು, ಬರೀ ಇಷ್ಟೇ. ನನಗೆ ನಾಚಿಕೆಯಾಗುತ್ತಿತ್ತು, ಅಳುವವಳ ಮುಂದೆ ಇದೇನು ಓದಿಸುತ್ತಾಳೆ ಎಂದು. ಒಂದು ಹೆಸರಿಗೆ "ಸಾಕು" ಅಂದಳು. "ಇವ ಏನು ಮಾಡಿದ ಅಂತ ಬರದೈತೇನು?" ಇಲ್ಲ ಅಂದೆ. "ಒಂದು ಯುದ್ಧ? ಒಂದು ಮಾತು?" ಇಲ್ಲ. ಅವಳು ಆ ತಾಯಿಯ ಕಡೆ ತಿರುಗಿದಳು. "ಏನೂ ಮಾಡದಾಂವನ ಹೆಸರೂ ದೇವರು ಬರಸಿ ಇಟ್ಟಾನ ತಂಗಿ. ನಿನ್ನ ಕೂಸಿಂದೂ ಐತಿ." ಆ ಹೆಂಗಸು ಹಣೆಯನ್ನು ನೆಲಕ್ಕೆ ಹಚ್ಚಿ ಅತ್ತಳು. ಆಗ ನನಗೆ ಹನ್ನೆರಡು ವರ್ಷ. ಲೋಕದಲ್ಲಿ ದೊಡ್ಡವ್ವನಿಗಿಂತ ಬಲ್ಲವರಿಲ್ಲ ಎಂದು ನಂಬಿದ್ದೆ.

ಆ ನಂಬಿಕೆ ಒಡೆದದ್ದು ಹತ್ತು ವರ್ಷದ ಮೇಲೆ. ನಾರಾಯಣಗೂಡದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ದೈವಶಾಸ್ತ್ರದ ಕಾಲೇಜು ಸೇರಿದೆ. ಹೆಣ್ಣುಮಕ್ಕಳು ಮೂವರೇ ಇದ್ದೆವು. ಹೊರಡುವ ದಿನ ದೊಡ್ಡವ್ವ ತಲೆಯ ಮೇಲೆ ಕೈ ಇಟ್ಟು ಹರಸಿದಳು. "ಹೋಗು. ಆದ್ರ ಅಲ್ಲಿ ದೇವರನ್ನ ಕಳಕೊಂಡು ಬರಬ್ಯಾಡ," ಅಂದಳು. ಹರಕೆಯಲ್ಲಿದ್ದ ಎಚ್ಚರಿಕೆ ನನಗೆ ಆಗಲೇ ಚುಚ್ಚಿತು.

ಅಲ್ಲಿ ನಮಗೆ ಹೊಸ ಒಡಂಬಡಿಕೆ ಕಲಿಸಿದವರು ಒಬ್ಬ ಸಣಕಲು ತೆಲುಗು ಮಾಸ್ತರು. ನಗುತ್ತಿರಲಿಲ್ಲ, ಪ್ರಾರ್ಥನೆಯಿಂದ ಪಾಠ ಶುರು ಮಾಡುತ್ತಿರಲಿಲ್ಲ. ಮೊದಲ ದಿನವೇ ಹೇಳಿದರು: ಈ ಪತ್ರಗಳನ್ನು ಬರೆದವರಿಗೆ ನೀವು ಯಾರೆಂದು ಗೊತ್ತಿಲ್ಲ. ಇವು ಬೇರೆಯವರಿಗೆ ಬರೆದ ಪತ್ರ. ಬೇರೆಯವರ ಪತ್ರ ಓದುವಾಗ ಇರಬೇಕಾದ ಮರ್ಯಾದೆಯಿಂದ ಓದಿ. ಯಾರು ಬರೆದರು, ಯಾರಿಗೆ, ಯಾವ ಊರಿನಲ್ಲಿ, ಯಾವ ಭಯದಲ್ಲಿ, ಮೊದಲು ಅದನ್ನು ಕೇಳಿ. ನಿಮ್ಮ ಕಷ್ಟ ಆಮೇಲೆ.

ನನಗೆ ಅದು ಕಿಟಕಿ ತೆರೆದ ಹಾಗಾಯಿತು. ಗ್ರೀಕ್ ಅಕ್ಷರಗಳನ್ನು ಬಸ್ಸಿನಲ್ಲಿ ಬೆರಳಿನಿಂದ ತೊಡೆಯ ಮೇಲೆ ಬರೆದು ಕಲಿತೆ. ಒಂದು ಮಾತಿನ ಹಿಂದೆ ಒಂದು ಊರು, ಒಂದು ತೆರಿಗೆ, ಒಬ್ಬ ರೋಮಿನ ಸಿಪಾಯಿ ನಿಂತಿರುವುದು ಕಾಣತೊಡಗಿತು. ಜೊತೆಗೇ ಶುಕ್ರವಾರದ "ಸಾಕು" ಕಿವಿಗೆ ಕೆಟ್ಟದಾಗಿ ಕೇಳತೊಡಗಿತು. ವಾಕ್ಯದ ನಡುವೆ ನಿಲ್ಲಿಸುವುದೆಂದರೆ ಮಾತಾಡುವವನ ಬಾಯಿಗೆ ಕೈ ಅಡ್ಡ ಇಟ್ಟಂತೆ. ಆದರೂ ಹಟಕ್ಕೆ ಎಂಬಂತೆ ಪ್ರತಿ ಶುಕ್ರವಾರ ಹೋಗಿ ಓದುತ್ತಿದ್ದೆ. ಅವಳು ಹೇಳುವ ಅರ್ಥದಲ್ಲಿರುವ ತಪ್ಪುಗಳನ್ನು ಮನಸ್ಸಿನಲ್ಲೇ ಎಣಿಸುತ್ತ ಕೂರುತ್ತಿದ್ದೆ. ಅವಳಿಗೂ ಅದು ತಿಳಿದಿತ್ತು. "ಇವಳ ದನಿಯಾಗ ಈಗ ಹಲ್ಲು ಬಂದಾವ," ಎಂದು ಒಮ್ಮೆ ಅವ್ವನ ಮುಂದೆ ಅಂದಳಂತೆ.

ನನ್ನ ಎರಡನೆಯ ವರ್ಷದಲ್ಲಿ ಕೂಟಕ್ಕೆ ಹೊಸಬಳೊಬ್ಬಳು ಬಂದಳು. ರಾಯಚೂರು ಕಡೆಯವಳು, ಇಪ್ಪತ್ತೊಂದು ವರ್ಷ, ಅಪ್ಪನ ಕಾರ್ಖಾನೆಯ ವೆಲ್ಡರ್ ಒಬ್ಬನ ಹೆಂಡತಿ. ಗಂಡ ಸಭೆಯಲ್ಲಿ ಚೆಂದ ಹಾಡುತ್ತಿದ್ದ, ಹಿರಿಯರು ಕಂಡರೆ ಚಪ್ಪಲಿ ಬಿಟ್ಟು ಮಾತಾಡುತ್ತಿದ್ದ. ಆ ದಿನ ಕೂಟ ಮುಗಿದು ನಾಲ್ಕೈದು ಹೆಂಗಸರಷ್ಟೇ ಉಳಿದಾಗ ಅವಳು, ಸೆರಗು ಬಾಯಿಗೆ ಒತ್ತಿಕೊಂಡು, ಅವನು ಹೊಡೆಯುತ್ತಾನೆ ಎಂದಳು. ಕುಡಿದಲ್ಲ, ಕುಡಿಯದೆಯೇ. ಅನ್ನ ಬಿಸಿ ಇಲ್ಲದ್ದಕ್ಕೆ, ನೆರೆಯವರ ಜೊತೆ ತೆಲುಗು ಮಾತಾಡಿದ್ದಕ್ಕೆ. "ನಾ ಏನು ಮಾಡಲಿ ಹೇಳ್ರಿ ಅವ್ವಾರ," ಅಂದಳು.

ದೊಡ್ಡವ್ವ ಕಣ್ಣು ಮುಚ್ಚಿದಳು. ಎರಡನೆಯ ಸುವಾರ್ತೆಯ ನಡುಭಾಗ ತೆಗೆ ಅಂದಳು. ನಾನು ಓದಿದೆ. ತನ್ನ ಹಿಂದೆ ಬರಬೇಕೆನ್ನುವವನು ತನ್ನ ಶಿಲುಬೆ ಹೊತ್ತು ಬರಲಿ ಎಂದು ಸ್ವಾಮಿ ಹೇಳುವ ಜಾಗ.

"ಸಾಕು," ಅಂದಳು.

ನಾನು ನಿಲ್ಲಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಮುಂದಿನ ವಾಕ್ಯ ಓದಿದೆ, ಅದರ ಮುಂದಿನದನ್ನೂ ಓದಿದೆ. ಲೋಕವನ್ನೆಲ್ಲ ಗಳಿಸಿ ಪ್ರಾಣವನ್ನೇ ಕಳೆದುಕೊಂಡರೆ ಏನು ಬಂತು ಎಂದು ಅವನು ಕೇಳುವ ತನಕ ಓದಿದೆ. ದೊಡ್ಡವ್ವ ಕಣ್ಣು ತೆರೆದಳು.

"ಸಾಕು ಅಂದೆ."

"ಮಾತು ಅಲ್ಲಿ ಮುಗದಿಲ್ಲ ದೊಡ್ಡವ್ವ."

ಅವಳು ನನ್ನನ್ನು ಬಿಟ್ಟು ಆ ಹುಡುಗಿಯ ಕೈ ಹಿಡಿದಳು. "ಶಿಲುಬೆ ಅಂದ್ರ ಇದ ನೋಡು. ಒಬ್ಬೊಬ್ಬರಿಗೆ ಒಂದೊಂದು. ನಿಂದು ಇದು. ಹೊರು. ಹೊತ್ತವರ ಸಂಗಾಟ ಸ್ವಾಮಿ ನಡೀತಾನ."

ಪುಸ್ತಕ ಮುಚ್ಚಿ ಹೇಳಿದೆ: "ಅದರ ಅರ್ಥ ಅದಲ್ಲ. ಶಿಲುಬೆ ಅಂದ್ರ ಮನೀ ಕಷ್ಟ ಅಲ್ಲ. ಅದು ರೋಮಿನ ಸರ್ಕಾರ ಕೊಡೋ ಮರಣದಂಡನೆ. ಸರ್ಕಾರದ ಎದುರು ನಿಂತವರನ್ನ ಏರಿಸೋದು. ನನ್ನ ಹಿಂದ ಬಂದ್ರ ನಿಮಗೂ ಇದು ಕಾದೈತಿ, ವಿಚಾರ ಮಾಡಿ ಬರ್ರಿ ಅಂತ ಹೇಳಾಕತ್ತಾನ. ತಾನಾಗಿ ಆರಿಸಿಕೊಂಡದ್ದು ಶಿಲುಬೆ. ಇನ್ನೊಬ್ಬ ತಂದು ಹೊರಿಸಿದ್ದು ಶಿಲುಬೆ ಅಲ್ಲ."

ದೊಡ್ಡವ್ವ ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದಳು:

"ಹೊಲದಿಂದ ಬರಾಕತ್ತಿದ್ದ ಮನುಷ್ಯ ಒಬ್ಬಾಂವ ಇದ್ನಲ್ಲ. ಸಿಪಾಯಿಗಳು ಹಿಡದು ಸ್ವಾಮಿ ಶಿಲುಬೆ ಅವನ ಹೆಗಲಿಗೆ ಹೊರಿಸಿದ್ರು. ಅವನ್ನ ಯಾರಾರ ಕೇಳಿದ್ರೇನು, ನೀ ಆರಿಸ್ಕೊಂಡಿ ಏನಪಾ ಅಂತ? ಅದು ಶಿಲುಬೆ ಅಲ್ಲೇನು?"

"ಅದು ಬ್ಯಾರೆ ಅಧ್ಯಾಯ," ಅಂದೆ. ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಅಕ್ಷರ ಬಾರದವಳು ನನ್ನನ್ನು ನನ್ನದೇ ಪುಸ್ತಕದಿಂದ ಹೊಡೆದಿದ್ದಳು. ಆ ಹುಡುಗಿ ಒಮ್ಮೆ ದೊಡ್ಡವ್ವನ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಇಬ್ಬರಿಗೂ ನಮಸ್ಕಾರ ಮಾಡಿ, ಗಂಡನ ಮನೆಗೆ ಹೋದಳು. ಅವಳ ಹಿಂದೆ ನಾನು ಹೋಗಬಹುದಿತ್ತು. ಹೋಗಲಿಲ್ಲ. ಮರುದಿನ ಗ್ರಂಥಾಲಯದಲ್ಲಿ ಕೂತು, ಹೊಲದಿಂದ ಬಂದವನ ಪ್ರಸಂಗಕ್ಕೂ ಆ ವಾಕ್ಯಕ್ಕೂ ಇರುವ ವ್ಯತ್ಯಾಸದ ಮೇಲೆ ನಾಲ್ಕು ಪುಟ ಟಿಪ್ಪಣಿ ಮಾಡಿದೆ. ಮುಂದಿನ ಸಲ ಅವಳ ಬಾಯಿ ಮುಚ್ಚಿಸಬೇಕಿತ್ತು ನನಗೆ.

ಮುಂದಿನ ಸಲ ಬಂದದ್ದು ಮೂರು ವಾರದ ಮೇಲೆ, ಪರೀಕ್ಷೆಯ ರಜೆಯಲ್ಲಿ. ನಡು ಮಧ್ಯಾಹ್ನ ದೊಡ್ಡವ್ವನ ನೆರೆಯಾಕೆ ಓಡಿ ಬಂದು ಅವ್ವನನ್ನೂ ನನ್ನನ್ನೂ ಕರೆದಳು. ಹೋಗಿ ನೋಡಿದರೆ ಆ ಹುಡುಗಿ ದೊಡ್ಡವ್ವನ ಮಂಚದ ಮೇಲೆ ಕೂತಿದ್ದಾಳೆ. ಎಡಗಿವಿಯಿಂದ ಇಳಿದ ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು. ಏನು ಕೇಳಿದರೂ "ಆಂ? ಆಂ?" ಅನ್ನುತ್ತಿದ್ದಳು. ದೊಡ್ಡವ್ವ ಅರಿವೆ ಹಸಿ ಮಾಡಿ ಒರೆಸುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ಆದರೆ ಅದು ಪ್ರಾರ್ಥನೆಯ ಹಾಗೆ ಕಾಣಲಿಲ್ಲ.

"ನಡೀರಿ," ಅಂದಳು ನಮಗೆ. "ಇವಳ ಟ್ರಂಕು ತರೋಣ."

ಹುಡುಗಿಯನ್ನು ನೆರೆಯಾಕೆಯ ಜೊತೆ ಬಿಟ್ಟು ನಾವು ಮೂವರು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ಅವಳ ಗಂಡನ ಮನೆಗೆ ನಡೆದೆವು. ಅವನು ಮನೆಯಲ್ಲೇ ಇದ್ದ, ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದಿದ್ದ. ನಮ್ಮನ್ನು ಕಂಡು ಕುರ್ಚಿ ಎಳೆದು ಹಾಕಿದ. ದೊಡ್ಡವ್ವ ಕೂರದೆ ಒಳಗೆ ಹೋಗಿ ಟ್ರಂಕು ಎಳೆದಳು. ಆಗ ಅವನ ದನಿ ಬದಲಾಯಿತು.

"ಹೆಂಡತಿ ಗಂಡಗ ಅಧೀನಾಗಿ ಇರಬೇಕು ಅಂತ ವಾಕ್ಯ ಐತ್ರಿ ಅವ್ವಾರ."

"ನನ್ನ ಮುಂದ ವಾಕ್ಯ ಹೇಳಬ್ಯಾಡ."

"ನಿಮ್ಮ ಮುಂದ ಯಾಕ ಹೇಳಬಾರದು? ಶಿಲುಬೆ ಹೊರು ಅಂತ ಆಕಿಗೆ ಹೇಳಿ ಕಳಿಸಿದವರು ನೀವ ಅಲ್ಲೇನ್ರಿ? ಆಕಿನೇ ಬಂದು ಹೇಳಿದ್ಲು. ನಾನೂ ದಿನಾ ನೆನಪು ಮಾಡಿ ಕೊಟ್ಟೀನಿ, ಅವ್ವಾರು ಹೇಳ್ಯಾರ, ಹೊರು ಅಂತ."

ನಾನು ದೊಡ್ಡವ್ವನ ಮುಖ ನೋಡಿದೆ. ಒಪ್ಪುತ್ತೇನೆ, ನನಗೆ ಆ ಕ್ಷಣ ಒಂದು ಹೊಲಸು ಸಂತೋಷವಾಯಿತು. ಈಗ ಏನು ಹೇಳುತ್ತೀ, ಹೇಳು ಎಂದು.

ದೊಡ್ಡವ್ವ ಟ್ರಂಕನ್ನು ನೆಲಕ್ಕೆ ಇಟ್ಟಳು. "ಹೇಳಿದ್ದೆ," ಅಂದಳು. "ಹೊಲದಿಂದ ಬಂದ ಮನುಷ್ಯಾನೂ ಹೊತ್ತ. ಎಲ್ಲಿ ತನಕ ಹೊತ್ತ? ಗುಡ್ಡದ ತನಕ. ಆಮ್ಯಾಲ ಇಳಿಸಿದ. ಇಳಿಸಿ ಮನೀಗೆ ಹೋದ. ಮೊಳಿ ಅವಂಗ ಹೊಡೀಲಿಲ್ಲ. ಈ ಹುಡುಗಿ ಗುಡ್ಡದ ತನಕ ಹೊತ್ತಾಳ. ಇಳಿಸ್ಯಾಳ. ಇನ್ನ ನೀ ಮೊಳಿ ಹಿಡಕೊಂಡು ಆಕಿ ಹಿಂದ ಬಂದಿ ಅಂದ್ರ, ಸಭಾ ಮುಂದ ನಿನ್ನ ಹಾಡಾ ನಾ ಹಾಡ್ತೀನಿ."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಟ್ರಂಕಿನ ಒಂದು ಬದಿ ದೊಡ್ಡವ್ವ, ಇನ್ನೊಂದು ಬದಿ ನಾನು ಹಿಡಿದು ಹೊರಬಂದೆವು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ರೈಲ್ವೆ ಗೇಟಿನ ಹತ್ತಿರ, ಗೂಡ್ಸ್ ಗಾಡಿ ಹೋಗಲೆಂದು ನಿಂತಾಗ, ನನ್ನ ನಾಲಿಗೆ ನಿಲ್ಲಲಿಲ್ಲ.

"ಇಳಿಸಿ ಮನೀಗೆ ಹೋದ ಅಂತ ಎಲ್ಲೂ ಬರದಿಲ್ಲ ದೊಡ್ಡವ್ವ."

"ಮತ್ತೆಲ್ಲಿ ಹೋಗ್ತಾನ? ಅವಂಗ ಇಬ್ಬರು ಮಕ್ಕಳಿದ್ರು. ಅದು ಬರದೈತಲ್ಲ?"

ಬರೆದಿತ್ತು. ಅದೂ ನನಗೆ ಉರಿಯಿತು. "ಮೂರು ವಾರದ ಹಿಂದ ಅದೇ ಮನುಷ್ಯಾನ್ನ ತೋರಿಸಿ ಹೊರು ಅಂದಿ. ಇವತ್ತ ಅವನ್ನ ತೋರಿಸಿ ಇಳಿಸು ಅಂದಿ. ಅವತ್ತ ತಪ್ಪು ಹೇಳಿದೆ ಅಂತ ಒಂದು ಮಾತು ಅನ್ನು. ಅಷ್ಟ ಸಾಕು ನನಗ."

"ಅವತ್ತ ಆತ್ಮ ಅದನ್ನ ತೋರಿಸ್ತು. ಇವತ್ತ ಇದನ್ನ."

"ಆತ್ಮಕ್ಕ ಬುದ್ಧಿ ಬರಾಕ ಮೂರು ವಾರ, ಒಂದು ಕಿವಿ ಬೇಕಾತೇನು?"

ಅವ್ವ ನನ್ನ ತೋಳು ಚಿವುಟಿದಳು. ದೊಡ್ಡವ್ವ ಗಾಡಿ ಮುಗಿಯುವ ತನಕ ಕಾದಳು. ಕೊನೆಯ ಡಬ್ಬಿ ದಾಟಿದ ಮೇಲೆ, ನನ್ನ ಕಡೆ ನೋಡದೆ, "ಆತ್ಮದ ಮ್ಯಾಲ ಬಾಯಿ ಮಾಡಿದವರಿಗೆ ಕ್ಷಮಾ ಇಲ್ಲ. ಅದೂ ಬರದೈತಿ. ನೀನ ಓದಿ ಹೇಳಿದ್ದು," ಅಂದು ಟ್ರಂಕಿನ ತನ್ನ ಬದಿ ಎತ್ತಿದಳು. ಮನೆಯ ತನಕ ನಾವಿಬ್ಬರೂ ಒಂದು ಟ್ರಂಕು ಹಿಡಿದು ನಡೆದೆವು.

ಈ ಪ್ರಸಂಗವನ್ನು ನಾನು ನಮ್ಮ ಮಾಸ್ತರರ ಬಳಿಗೆ ಒಯ್ದೆ. ನ್ಯಾಯ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಎಲ್ಲ ಕೇಳಿ, ಕನ್ನಡಕ ಒರೆಸಿ, ನಿಮ್ಮ ದೊಡ್ಡಮ್ಮ ಮಾಡಿದ್ದು ಗ್ರಂಥದ ಓದಲ್ಲ, ಬಳಕೆ ಅಂದರು. ಸರಿ, ಆದರೆ ಹೊಡೆತ ತಿನ್ನುವವಳು ಎದುರು ಕೂತಾಗ ಆ ವಾಕ್ಯವನ್ನು ನಾನು ಹೇಗೆ ಓದಬೇಕಿತ್ತು ಎಂದು ಕೇಳಿದೆ. ಅವರಿಗೆ ಬೇಸರವಾಯಿತು. ಅದು ಸಭಾಪಾಲನೆಯ, ಪಾದ್ರಿಗಳ ಪ್ರಶ್ನೆ, ನಮ್ಮ ಪಠ್ಯದಲ್ಲಿ ಬರುವುದಿಲ್ಲ ಅಂದರು. ನಾನು ತಯಾರಿಸಿದ್ದ ನಾಲ್ಕು ಪುಟ ನೋಡಿ, ಕ್ರಿಯಾಪದದ ಕಾಲವೊಂದನ್ನು ತಿದ್ದಿ ಕೊಟ್ಟರು. ಆ ಕೆಂಪು ಗೆರೆ ನೋಡುತ್ತ ನಿಂತವಳಿಗೆ ಅವರ ಮೇಲೂ ಅಷ್ಟೇ ಸಿಟ್ಟು ಬಂತು. ಆದರೆ ಅವರ ಮೇಲೆ ತೀರಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ದೊಡ್ಡವ್ವನ ಮೇಲೆ ತೀರಿಸಿಕೊಂಡೆ.

ಕ್ರಿಸ್ಮಸ್ಸಿನ ಮುಂಚಿನ ಒಂದು ಶನಿವಾರ, ತೆಲುಗು ಸಭೆಯ ಪಾದ್ರಿ ಅಯ್ಯಗಾರು ಕನ್ನಡ ಕುಟುಂಬಗಳಿಗಾಗಿ ಒಂದು ಕೂಟ ಇಟ್ಟರು. ದೈವಶಾಸ್ತ್ರ ಓದುತ್ತಿರುವ ನಮ್ಮ ಮಗಳು ಎಂದು ನನ್ನನ್ನು ಹತ್ತು ನಿಮಿಷ ಮಾತಾಡಲು ಕರೆದರು. ಸತ್ಯವೇದವನ್ನು ಓದುವುದು ಹೇಗೆ ಎಂಬುದೇ ವಿಷಯ. ದೊಡ್ಡವ್ವ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ಕೂತಿದ್ದಳು. ಅವಳ ಎಡಕ್ಕೆ ಆ ಹುಡುಗಿ. ನಾನು ಏನೇನೋ ಹೇಳಿ ಕೊನೆಗೆ ಹೀಗೆ ಹೇಳಿದೆ: ಕಣ್ಣು ಕಾಣದವನು ಬಸ್ಸು ನಡೆಸುತ್ತೇನೆ ಎಂದರೆ ನಾವು ಹತ್ತುತ್ತೇವೆಯೇ? ಅಕ್ಷರವೇ ಗೊತ್ತಿಲ್ಲದವರು ಗ್ರಂಥದ ಅರ್ಥ ಹೇಳುತ್ತೇವೆ ಎಂದರೆ ನಾವು ಯಾಕೆ ಹತ್ತುತ್ತೇವೆ? ಹತ್ತಿದವರ ಕೈಕಾಲು ಮುರಿಯುತ್ತವೆ. ಮುರಿದಿವೆ.

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅರ್ಧ ಜನ ದೊಡ್ಡವ್ವನ ಕಡೆ ತಿರುಗಿದರು. ಅವಳು ಅಲ್ಲಾಡಲಿಲ್ಲ. ಆ ಹುಡುಗಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ. "ಏನಂದ್ರು? ಏನಂದ್ರು?" ಎಂದು ದೊಡ್ಡವ್ವನನ್ನೇ ಕೇಳುತ್ತಿದ್ದಳು. ದೊಡ್ಡವ್ವ ಅವಳ ಬಲಗಿವಿಯ ಬಳಿ ಬಗ್ಗಿ, ನನಗೂ ಕೇಳುವ ಹಾಗೆ, "ನನಗ ಓದಾಕ ಬರಂಗಿಲ್ಲಂತ," ಅಂದಳು.

ಮರುದಿನ ಅವ್ವನ ಬಲವಂತಕ್ಕೆ ಅವಳ ಮನೆಗೆ ಹೋದೆ. ಕ್ಷಮೆ ಕೇಳುವ ಮನಸ್ಸು ಅರ್ಧ ಇತ್ತು, ವಾದ ಮುಂದುವರಿಸುವ ಮನಸ್ಸು ಅರ್ಧ. ಅವಳು ಬಾಗಿಲಲ್ಲೇ ನಿಂತಳು.

"ಸುಳ್ಳು ಏನೂ ಹೇಳಿಲ್ಲ ನೀ," ಅಂದಳು. "ಬರೋಬರಿ ಹೇಳಿದಿ. ಆದ್ರ ಇಷ್ಟು ವರ್ಷ ನೀ ಓದಿದ್ದು, ನಾ ಕೇಳಿದ್ದು, ಒಂದ ಊಟ ಅಂತ ತಿಳಕೊಂಡಿದ್ದೆ. ನೀ ತಾಟು ಬ್ಯಾರೆ ಮಾಡಿದಿ. ಇನ್ನ ನನ್ನ ಹೊಸ್ತಿಲ ದಾಟಬ್ಯಾಡ."

"ದೊಡ್ಡವ್ವ, ಅವಳ ಕಿವಿ..."

"ಅದರ ಲೆಕ್ಕ ನಾ ದೇವರಿಗೆ ಕೊಡ್ತೀನಿ. ನಿನಗಲ್ಲ."

ಬಾಗಿಲು ಹಾಕಿಕೊಂಡಳು. ನಾನು ಸುಮಾರು ಹೊತ್ತು ಹೊರಗೆ ನಿಂತಿದ್ದೆ. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

ಆಮೇಲೆ ಅವಳು ಬದುಕಿದ್ದ ಹದಿನಾಲ್ಕು ವರ್ಷ ನಾವು ಮದುವೆ, ದೀಕ್ಷಾಸ್ನಾನಗಳಲ್ಲಿ ಎದುರಾಗುತ್ತಿದ್ದೆವು. ಊಟದ ಪಂಕ್ತಿಯಲ್ಲಿ ಅವಳು ನನ್ನನ್ನು ಕಂಡು ಬೇರೆ ಸಾಲಿಗೆ ಹೋಗುತ್ತಿದ್ದಳು. ನಾನೂ ತಡೆಯುತ್ತಿರಲಿಲ್ಲ. ಶುಕ್ರವಾರದ ಕೂಟ ನಿಲ್ಲಲಿಲ್ಲ. ನಾನು ಬಿಟ್ಟ ಮೇಲೆ ದೊಡ್ಡದೇ ಆಯಿತು. ನಾನು ಓದು ಮುಗಿಸಿ ಅದೇ ಕಾಲೇಜಿನಲ್ಲಿ ಗ್ರೀಕ್ ಕಲಿಸುವವಳಾದೆ. ಮಾಸ್ತರರು ನಿವೃತ್ತರಾದಾಗ ಅವರ ತರಗತಿ ನನ್ನ ಪಾಲಿಗೆ ಬಂತು. ದೊಡ್ಡವ್ವ ಸತ್ತಾಗ ನಾನು ಮಣ್ಣಿಗೆ ಹೋದೆ. ಕೂಟದ ಹೆಂಗಸರು ಯಾರೂ ನನ್ನನ್ನು ಹತ್ತಿರ ಕರೆಯಲಿಲ್ಲ. ಗಂಡಸರ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದೆ. ಅಳು ಬರಲಿಲ್ಲ. ಬೇಕೆಂದೇ ಬರಲಿಲ್ಲವೋ ಏನೋ.

ಆ ಹುಡುಗಿಯ ಸುದ್ದಿ ಮಾತ್ರ ಅವ್ವನ ಮೂಲಕ ಬರುತ್ತಿತ್ತು. ದೊಡ್ಡವ್ವ ಅವಳನ್ನು ಎರಡು ವರ್ಷ ತನ್ನ ಮನೆಯಲ್ಲಿ ಇಟ್ಟುಕೊಂಡು, ತನ್ನದೇ ಶಾಲೆಯಲ್ಲಿ ಕೆಲಸಕ್ಕೆ ಹಚ್ಚಿದಳು. ಗಂಡ ವರ್ಗ ಮಾಡಿಸಿಕೊಂಡು ಹೋದ. ಆಮೇಲೆ ಅವಳು ಊರೊಳಗೆ ಎಲ್ಲೋ ಕೆಲಸ ಹಿಡಿದಳಂತೆ.

ಅವಳು ನನಗೆ ಸಿಕ್ಕದ್ದು ಲೋಕಲ್ ರೈಲು ಶುರುವಾದ ಮೇಲೆ. ಒಂದು ಮಧ್ಯಾಹ್ನ ಹೆಂಗಸರ ಡಬ್ಬಿಯಲ್ಲಿ, ಲಿಂಗಂಪಲ್ಲಿಗೆ ಬರುವಾಗ, ದಪ್ಪಗಾದ ನರೆಗೂದಲ ಹೆಂಗಸೊಬ್ಬಳು ನನ್ನನ್ನೇ ನೋಡಿ, "ಅಕ್ಕಾರ, ನೀವ ಅಲ್ಲೇನ್ರಿ?" ಅಂದಳು. ನಾನು ಅವಳ ಎಡಕ್ಕೆ ಕೂರಲು ಹೋದೆ. "ಈ ಕಡೆ ಬರ್ರಿ, ಆ ಕಡೆ ಕೇಳಂಗಿಲ್ಲ," ಎಂದು ಬಲಕ್ಕೆ ಜಾಗ ಮಾಡಿದಳು. ನಾರಾಯಣಗೂಡದ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರ ಅಡುಗೆಮನೆ ಅವಳ ಕೈಯಲ್ಲಿತ್ತು. ಎಂಬತ್ತು ಹುಡುಗಿಯರಿಗೆ ಎರಡು ಹೊತ್ತು. ಅದನ್ನು ಹೆಮ್ಮೆಯಿಂದ ಹೇಳಿದಳು.

ಕುಶಲ ಮುಗಿದ ಮೇಲೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಆ ಶುಕ್ರವಾರ ನಮ್ಮಿಬ್ಬರಲ್ಲಿ ಯಾರ ಮಾತು ನಿನಗೆ ಸರಿ ಅನಿಸಿತು ಎಂದು. ಇಪ್ಪತ್ತು ವರ್ಷ ಕಾದಿದ್ದ ತೀರ್ಪು ಅದು ನನಗೆ.

ಅವಳು ತೊಡೆಯ ಮೇಲಿನ ಚೀಲವನ್ನು ಕಾಲ ಬಳಿ ಇಳಿಸಿದಳು.

"ಇಬ್ಬರದೂ ಕೇಳಲಿಲ್ರಿ ನಾ," ಅಂದಳು. "ನೀವು ಜಗಳಾ ಸುರು ಮಾಡೂಕಿಂತ ಮೊದಲ ಒಂದು ಮಾತು ಓದಿದ್ರಲ್ಲ, ಲೋಕಾ ಗಳಿಸಿ ಪ್ರಾಣ ಕಳಕೊಂಡ್ರ ಏನು ಬಂತು ಅಂತ. ಅದೊಂದ ತಲೀಯಾಗ ಕೂತಿತ್ತು. ಅವ್ವಾರು ಸಾಕು ಅಂದ ಮ್ಯಾಲ ನೀವು ಓದಿದ್ದು ಅದು. ಆ ಮ್ಯಾಲ ನೀವು ರೋಮು ಅಂದ್ರಿ, ಅವ್ವಾರು ಹೊಲ ಅಂದ್ರು. ನನಗ ಪ್ರಾಣ ಅನ್ನೂದೊಂದ ಕೇಳಾಕತ್ತಿತ್ತು."

ನನ್ನ ಎದೆ ಹಿಗ್ಗಿತು. "ಹಂಗಾದ್ರ ಮತ್ತ ಮೂರು ವಾರ ಯಾಕ ಅಲ್ಲೇ ಇದ್ದಿ?"

ಅವಳು ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಗೆಳೆತನ ಇರಲಿಲ್ಲ.

"ಎಲ್ಲಿ ಹೋಗಬೇಕಿತ್ರಿ? ನೀವಿಬ್ಬರೂ ಅರ್ಥ ಹೇಳಿದ್ರಿ. ಜಾಗಾ ಯಾರೂ ಹೇಳಲಿಲ್ಲ. ಅವ್ವಾರು ಕಡೀಕಾದ್ರೂ ಕೊಟ್ರು, ಕಿವಿ ಹೋದ ಮ್ಯಾಲ. ನೀವಂತೂ ಕೊಡಲೇ ಇಲ್ಲ. ಕ್ರಿಸ್ಮಸ್ ಕೂಟದಾಗ ನನ್ನ ಮುರಿದ ಕಿವೀನೂ ತಗೊಂಡು ಅವ್ವಾರನ್ನ ಹೊಡದ್ರಿ. ಆಮ್ಯಾಲ ಯಾರೋ ನನಗ ಬಿಡಿಸಿ ಹೇಳಿದ್ರು. ನನ್ನ ಕೇಳಿದ್ರೇನು ನೀವು, ನಿನ್ನ ಮಾತು ಸಭಾದಾಗ ಎತ್ತಲೇನು ಅಂತ?"

ಸ್ಟೇಷನ್ನೊಂದು ಬಂದು ಹೋಯಿತು. ಇಬ್ಬರು ಮೂವರು ಹತ್ತಿದರು, ಇಳಿದರು. ನಾನು ತಪ್ಪಾಯಿತು ಅನ್ನಬೇಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು ಬೇರೆ. ಹದಿನೈದು ವರ್ಷ ಪಾಠ ಹೇಳಿದ ಬಾಯಿ ಅದು. "ಆದ್ರ ಅಲ್ಲಿ ಪ್ರಾಣ ಅನ್ನೋ ಮಾತಿಗೆ ಮೂಲದಾಗ..." ಎಂದು ಶುರು ಮಾಡಿದೆ. ಆ ವಾಕ್ಯದಲ್ಲಿ ಪ್ರಾಣ ಉಳಿಸಿಕೊಳ್ಳುವವನನ್ನು ಸ್ವಾಮಿ ಹೊಗಳುವುದಿಲ್ಲ, ಉಳಿಸಿಕೊಳ್ಳಲು ಹೋದವನು ಕಳೆದುಕೊಳ್ಳುತ್ತಾನೆ ಎಂದು ಒಂದು ಸಾಲು ಮೇಲೆಯೇ ಇದೆ, ಅವಳು ಹಿಡಿದುಕೊಂಡ ಅರ್ಥ ಅಲ್ಲಿ ನಿಲ್ಲುವುದಿಲ್ಲ ಎಂದು ಹೇಳಹೊರಟಿದ್ದೆ.

ಅವಳು ಕೈ ಎತ್ತಿದಳು. "ಮತ್ತ ಸುರು ಮಾಡಬ್ಯಾಡ್ರಿ ಅಕ್ಕಾರ. ಆ ಮಾತಿನ ಮ್ಯಾಲ ನಾ ಬದುಕೀನಿ. ಅದನ್ನ ಬಿಚ್ಚಿ ತೋರಿಸಬ್ಯಾಡ್ರಿ."

ಮುಂದಿನ ಸ್ಟೇಷನ್ನಿನಲ್ಲಿ ಚೀಲ ಎತ್ತಿಕೊಂಡು ಇಳಿದಳು. ಅದೇ ಅವಳ ಸ್ಟೇಷನ್ನೋ, ನನ್ನಿಂದ ದೂರ ಹೋಗಲು ಇಳಿದಳೋ ಗೊತ್ತಿಲ್ಲ. ತಿರುಗಿ ನೋಡಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವನಿಗೆ ಆಗ ಎಪ್ಪತ್ತು ದಾಟಿತ್ತು. ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಅಕ್ಕ ಇದ್ದಿದ್ರ ಆಕಿ ಮ್ಯಾಲ ಸಿಟ್ಟಾಗ್ತಿದ್ಲು," ಅಂದಳು. "ನಾ ಸಾಕು ಅಂದ ಮ್ಯಾಲ ಓದಿದ್ದನ್ನ ಯಾಕ ಕೇಳಿದಿ ಅಂತ."

"ನನಗೂ ಆಕಿ ಮ್ಯಾಲ ಸಿಟ್ಟು ಬಂದೈತಿ, ಅರ್ಥ ತಪ್ಪು ಹಿಡದಾಳ ಅಂತ," ಅಂದೆ.

"ಗೊತ್ತೈತಿ," ಅಂದಳು ಅವ್ವ, ಮೊರ ಕೊಡವುತ್ತ. "ಕೈಕಾಲು ತೊಳಕೊಂಡು ಬಾ, ಊಟಾ ಮಾಡು."